ರೈಲು ‘ಬಿಟೈತೆ’ ಎಂದವನನ್ನು ತಿದ್ದಬೇಡಿ

ತಿಪಟೂರಿನಿಂದ ತುಮಕೂರು, ಬೆಂಗಳೂರಿಗೆ ಪಾಸಿನ ಮೇಲೆ ಓಡಾಡುವ ನಮಗೆ ಬೆಳಗಿನ ಹೊತ್ತು ಗಡಿಯಾರಕ್ಕಿಂತ ಫೋನಿನ ಮೇಲೆ ನಂಬಿಕೆ ಜಾಸ್ತಿ. ಅರಸೀಕೆರೆಯಲ್ಲಿ ಹತ್ತಿದವರು ಯಾರಾದರೂ ನಮ್ಮ ಮೊಬೈಲ್ ಗುಂಪಿಗೆ ಒಂದು ಸಾಲು ಹಾಕಿದರೆ ಸಾಕು, ಕಾಫಿ ಕುಡಿದು ಹೊರಡಬಹುದೋ ಓಡಬೇಕೋ ಎಂದು ನಮಗೆ ಗೊತ್ತಾಗುತ್ತದೆ. ಬಹಳ ದಿನ ಆ ಸಾಲು ಹಾಕುತ್ತಿದ್ದವನು ತುಮಕೂರಿನ ಗ್ಯಾರೇಜಿಗೆ ಕೆಲಸಕ್ಕೆ ಹೋಗುವ ಒಬ್ಬ ಹುಡುಗ. ಒಂದು ದಿನ ಅವನು ಇಂಗ್ಲಿಷ್ ಅಕ್ಷರದಲ್ಲಿ ‘ರೈಲು ಅರ್ಸಿಕೆರೆ ಬಿಟೈತೆ ಬೇಗ್ ಬನ್ನಿ’ ಎಂದು ಹಾಕಿದ. ನಮ್ಮ ಜೊತೆಯ ಹಿರಿಯರೊಬ್ಬರು ಅದಕ್ಕೆ, ‘ಅರಸೀಕೆರೆ. ಬಿಟ್ಟಿದೆ. ಮೊದಲು ಕನ್ನಡ ಸರಿಯಾಗಿ ಕಲಿಯಪ್ಪ’ ಎಂದು ಉತ್ತರ ಬರೆದರು.

ಅವತ್ತು ಬೋಗಿಯಲ್ಲಿ ಗುಬ್ಬಿ ದಾಟುವವರೆಗೂ ಅದೇ ಜಗಳ. ಇಂದಿನ ಮಕ್ಕಳಿಗೆ ಅಲ್ಪಪ್ರಾಣ ಮಹಾಪ್ರಾಣ ಗೊತ್ತಿಲ್ಲ, ಹಕಾರ ಬಾಯಲ್ಲೇ ಇಲ್ಲ, ‘ಓಕೆ’ ಎನ್ನುವುದನ್ನೂ ಒಂದೇ ಅಕ್ಷರ ಮಾಡಿ ಕಳಿಸುತ್ತಾರೆ ಎಂದು ಒಂದು ಕಡೆಯವರು. ಅರ್ಥ ಆದರೆ ಸಾಕಲ್ಲವಾ ಎಂದು ಇನ್ನೊಂದು ಕಡೆಯವರು. ಹುಡುಗ ಬಾಗಿಲ ಹತ್ತಿರ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಮಾರನೆಯ ದಿನದಿಂದ ಅವನ ಸಾಲು ಬರಲಿಲ್ಲ. ಅದೇ ವಾರ, ದಿನಾ ತಡವಾಗುತ್ತಿದ್ದ ರೈಲು ಹೊತ್ತಿಗೆ ಸರಿಯಾಗಿ ಬಂದ ದಿನ, ಗಾರ್ಮೆಂಟ್ಸಿಗೆ ಹೋಗುವ ಮೂವರು ಹೆಣ್ಣುಮಕ್ಕಳಿಗೆ ಗಾಡಿ ತಪ್ಪಿತು. ಅವರಲ್ಲಿ ಒಬ್ಬಳಿಗೆ ಅರ್ಧ ದಿನದ ಸಂಬಳ ಹೋಯಿತು. ಈ ನಷ್ಟವನ್ನು ಯಾವ ವ್ಯಾಕರಣದ ಲೆಕ್ಕಕ್ಕೆ ಬರೆಯೋಣ?

ನನ್ನ ನಿಲುವನ್ನು ನೇರವಾಗಿ ಹೇಳುತ್ತೇನೆ. ಸಂಬಳ ತೆಗೆದುಕೊಂಡು ಜನರಿಗಾಗಿ ಬರೆಯುವವರು ತಪ್ಪಿಲ್ಲದೆ ಬರೆಯಬೇಕು, ಅವರ ಒಂದು ಕಾಗುಣಿತ ತಪ್ಪನ್ನೂ ಬಿಡಬಾರದು. ಯಾರಿಗೂ ಬಾಕಿ ಇಲ್ಲದೆ, ತನ್ನ ಖುಷಿಗೆ, ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದು ಬರೆಯುವವನನ್ನು ನಡುವೆ ತಡೆದು ತಿದ್ದುವುದು ಭಾಷಾಪ್ರೇಮವಲ್ಲ. ಅದು ಅವನ ಬಾಯಿ ಮುಚ್ಚಿಸುವ ಕೆಲಸ. ನಾವು ಮಾಡುತ್ತಿರುವುದು ಈ ನಿಲುವಿನ ತಿರುಗಾಮುರುಗಾ.

ಚುಟುಕು ಬರಹವನ್ನು ಸೋಮಾರಿತನ ಎನ್ನುವವರು ಅದು ಎಲ್ಲಿಂದ ಬಂತು ಎಂದು ನೋಡಬೇಕು. ಬಟನ್ ಫೋನಿನ ಕಾಲದಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ ಇಂಗ್ಲಿಷಿನಲ್ಲಾದರೆ 160 ಅಕ್ಷರ ಸಿಗುತ್ತಿತ್ತು. ಅದೇ ಕನ್ನಡ ಲಿಪಿಯಲ್ಲಿ ಬರೆದರೆ 70. ಅದರಲ್ಲೂ ಕೊಂಬು, ಗುಡಿಸು, ಒತ್ತಕ್ಷರದ ಗಂಟು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಚಿಕ್ಕನಾಯಕನಹಳ್ಳಿ’ ಎಂದು ಊರ ಹೆಸರು ಬರೆಯುವಷ್ಟರಲ್ಲಿ 15 ಮುಗಿದಿರುತ್ತಿತ್ತು. ಎಷ್ಟೋ ಫೋನುಗಳಲ್ಲಿ ಕನ್ನಡ ಅಕ್ಷರ ಬರುತ್ತಲೇ ಇರಲಿಲ್ಲ, ಬರೀ ಚೌಕದ ಡಬ್ಬಿಗಳು ಕಾಣುತ್ತಿದ್ದವು. ಹಾಗಾಗಿ ಒಂದು ತಲೆಮಾರು ಇಂಗ್ಲಿಷ್ ಅಕ್ಷರದಲ್ಲಿ, ಸ್ವರ ನುಂಗಿ ಕನ್ನಡ ಬರೆಯುವುದನ್ನು ಕಲಿತಿತು. ಕನ್ನಡವನ್ನು ಫೋನಿಗೆ ತರುವ ಹೊಣೆಯಿದ್ದವರು ತಡಮಾಡಿದರು, ಬೈಗುಳ ಮಾತ್ರ ಬಳಸಿದವನ ಪಾಲಿಗೆ ಬಂತು.

ಇನ್ನು ಸ್ವರ ನುಂಗುವ ಮಾತು. ತಿಪಟೂರು ಸ್ಟೇಷನ್ನಿನ ಬೋರ್ಡನ್ನೇ ನೋಡಿ. ಕನ್ನಡದಲ್ಲಿ ‘ತಿಪಟೂರು’ ಎಂದಿದೆ. ಇಂಗ್ಲಿಷಿನ ಸಾಲಿನಲ್ಲಿ ಪಕಾರದ ಅಕಾರವೂ ಇಲ್ಲ, ಕೊನೆಯ ಉಕಾರವೂ ಇಲ್ಲ. ನಮ್ಮ ಬಾಯಲ್ಲಿ ಇರುವ ‘ತಿಪ್ಟೂರ್’ ಅಲ್ಲಿದೆ. ಟಿಕೆಟ್ಟಿನ ಲೆಕ್ಕದಲ್ಲಿ ನಮ್ಮ ಊರು ಮೂರೇ ಅಕ್ಷರ: ಟಿಟಿಆರ್. ಬಸ್ಸಿನ ಬೋರ್ಡಿನಲ್ಲಿ ಚಿಕ್ಕನಾಯಕನಹಳ್ಳಿ ‘ಸಿ.ಎನ್. ಹಳ್ಳಿ’ಯಾಗುತ್ತದೆ, ಪೇಪರಿನಲ್ಲಿ ‘ಚಿ.ನಾ. ಹಳ್ಳಿ’. ಕಿಬ್ಬನಹಳ್ಳಿ ಕ್ರಾಸನ್ನು ‘ಕೆ.ಬಿ. ಕ್ರಾಸ್’ ಎನ್ನದೆ ಪೂರ್ತಿ ಹೇಳಿ ಟಿಕೆಟ್ ಕೇಳಿದವರನ್ನು ನಾನು ಕಂಡಿಲ್ಲ. ಊರ ನಡುವಿನ ಬಿ.ಎಚ್. ರಸ್ತೆ ಬೆಂಗಳೂರು–ಹೊನ್ನಾವರ ರಸ್ತೆ ಎಂಬುದು ಅದರ ಮೇಲೇ ಅಂಗಡಿ ಇಟ್ಟ ಎಷ್ಟೋ ಜನಕ್ಕೆ ಮರೆತುಹೋಗಿದೆ. ಮದುವೆ ಕಾಗದದಲ್ಲಿ ‘ಚಿ||’, ‘ಚಿ|| ಕುಂ|| ಸೌ||’ ಎಂದು ಬರೆದಾಗ ಯಾವ ಹಿರಿಯರೂ ಕೆಂಪು ಪೆನ್ನು ಹಿಡಿಯಲಿಲ್ಲ. ದೊಡ್ಡವರು ಮೊಟಕು ಮಾಡಿದರೆ ಸಂಪ್ರದಾಯ, ಗ್ಯಾರೇಜಿನ ಹುಡುಗ ಮಾಡಿದರೆ ಭಾಷೆಯ ಕೊಲೆ. ಈ ತಾರತಮ್ಯವನ್ನು ಒಪ್ಪಲು ನಾನು ತಯಾರಿಲ್ಲ.

ವ್ಯಾಕರಣ ಬೇಡ ಎಂದು ಈ ನೆಲದಲ್ಲಿ ನಿಂತು ಹೇಳಲು ನನಗೆ ಮನಸ್ಸು ಬಾರದು. ‘ಕನ್ನಡ ಮಧ್ಯಮ ವ್ಯಾಕರಣ’ ಬರೆದ ತೀ.ನಂ. ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ್ದು ಇದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ತಲೆಮಾರುಗಟ್ಟಲೆ ಮಕ್ಕಳು ಸಂಧಿ ಸಮಾಸ ಕಲಿತದ್ದು ಆ ಪುಸ್ತಕದಿಂದ. 1884ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಆ ಊರಿನ ಹೆಸರು ಹೊತ್ತ ಸಂಪಿಗೆ ರೋಡ್ ಸ್ಟೇಷನ್ನನ್ನು ನಮ್ಮ ರೈಲು ದಿನಾ ಹಾದುಹೋಗುತ್ತದೆ. 1911ರಲ್ಲಿ ಧಾರವಾಡದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂದು ಭಾಷಣ ಮಾಡಿದ ಬಿಎಂಶ್ರೀ, ಜನಕ್ಕೆ ತಿಳಿಯುವ ಹೊಸಗನ್ನಡದಲ್ಲಿ ಬರೆಯಬೇಕೆಂದು ಪಟ್ಟುಹಿಡಿದರು. ಹಳಗನ್ನಡವನ್ನು ಅರೆದು ಕುಡಿದವರು ಅವರು, ಆದರೂ ಇವತ್ತಿನ ಬಾಯಿಮಾತನ್ನು ಕೀಳು ಎನ್ನಲಿಲ್ಲ.

ಇನ್ನೂ ಹಿಂದೆ ಹೋಗಿ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರ ಇರುವ ಶಬ್ದಗಳನ್ನು ಪಟ್ಟಿ ಮಾಡಿಟ್ಟ. ಅದು ಳಕಾರದೊಳಗೆ ಕರಗುತ್ತಿದ್ದ ಕಾಲ ಅದು. ಆಮೇಲೆ ಅದು ಪೂರ್ತಿ ಕರಗಿಯೇ ಹೋಯಿತು. ಅವನು ‘ಮೞೆ’ ಎಂದು ಕಲಿಸಿದ್ದನ್ನು ನಾವು ‘ಮಳೆ’ ಎಂದು ಬರೆಯುತ್ತೇವೆ. ಅವನ ಅಳತೆಯಲ್ಲಿ ಹುಡುಗನನ್ನು ತಿದ್ದಿದ ಹಿರಿಯರೂ ತಪ್ಪಿತಸ್ಥರೇ. ನಮ್ಮ ಕಡೆ ಬಾಯಲ್ಲಿ ಹಕಾರ ಬೀಳುವುದೂ, ‘ಐತೆ’ ಎನ್ನುವುದೂ ಈಗ ಮೊಬೈಲಿನಿಂದ ಹತ್ತಿದ ರೋಗವಲ್ಲ. ಎಳನೀರು ಕೆತ್ತುವವನೂ ಕೊಬ್ಬರಿ ಸುಲಿಯುವ ಹೆಂಗಸರೂ ಮೊದಲಿನಿಂದ ಆಡಿಕೊಂಡು ಬಂದ ಕನ್ನಡ ಅದು. ಮೊಬೈಲು ಬಂದ ಮೇಲೆ ಅದು ಮೊದಲ ಸಲ ಅಕ್ಷರವಾಗಿ ಎದುರು ನಿಂತಿದೆ, ನಮಗೆ ಸಹಿಸಲು ಆಗುತ್ತಿಲ್ಲ.

ಸಿಟ್ಟು ಬರಬೇಕಾದ ಜಾಗ ಬೇರೆ ಇದೆ. 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗ ನಡೆಸಿದ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳ ಅನುವಾದ ಎಷ್ಟು ಕೆಟ್ಟಿತ್ತೆಂದರೆ, ಸರ್ಕಾರವೇ ಮರುಪರೀಕ್ಷೆ ನಡೆಸಬೇಕೆಂದು ಹೇಳಬೇಕಾಯಿತು. ಡಿಸೆಂಬರ್ 29ರಂದು ಮತ್ತೆ ಪರೀಕ್ಷೆ ನಡೆಯಿತು. ಆಗಲೂ ಅನುವಾದದ ತಪ್ಪುಗಳೆಂದು ಮಕ್ಕಳು ಬೀದಿಗಿಳಿದರು. ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡವನ್ನೇ ನಂಬಿ ಕೂತ ಅಭ್ಯರ್ಥಿ ಅಲ್ಲಿ ಒಂದು ಪದ ತಪ್ಪಾಗಿ ತಿಳಿದುಕೊಂಡರೆ ಅವನ ವರ್ಷಗಳೇ ಹೋಗುತ್ತವೆ. ಅಂಥ ತಪ್ಪಿನ ಬಗ್ಗೆ ನಮ್ಮ ಬೋಗಿಯಲ್ಲಿ ಗುಬ್ಬಿಯವರೆಗೆ ಜಗಳವಾದದ್ದು ನನಗೆ ನೆನಪಿಲ್ಲ.

ಕಾಗುಣಿತ ಸರಿಯಿದ್ದರೂ ಕೆಡುಕು ಮಾಡುವ ಕನ್ನಡವೂ ಇದೆ. ನಾನು ಆಗಾಗ ಹೋಗಬೇಕಾದ ಒಂದು ಕಚೇರಿಯ ಗೋಡೆಯಲ್ಲಿ, ‘ಸದರಿ ದಾಖಲಾತಿಗಳನ್ನು ದೃಢೀಕರಿಸಿ ಸಲ್ಲಿಸತಕ್ಕದ್ದು’ ಎಂಬ ಚೀಟಿ ಅಂಟಿಸಿದ್ದರು. ಯಾವ ದಾಖಲಾತಿ, ಯಾರು ದೃಢೀಕರಿಸಬೇಕು, ಯಾರಿಗೆ ಸಲ್ಲಿಸಬೇಕು, ಒಂದೂ ಇಲ್ಲ. ತೋಟದ ಪಹಣಿ ಹಿಡಿದು ಬಂದ ವಯಸ್ಸಾದ ರೈತರೊಬ್ಬರು ಅದನ್ನು ಎರಡು ಸಲ ಬೆರಳಿಟ್ಟು ಓದಿ, ನನ್ನ ಕಡೆ ತಿರುಗಿ, ‘ಏನಂತೆ ಸ್ವಾಮಿ?’ ಎಂದರು. ನನಗೂ ತಿಳಿಯಲಿಲ್ಲ. ಅವರು ಅವತ್ತು ಹಾಗೇ ಬಸ್ಸು ಹತ್ತಿದರು. ಈ ಚೀಟಿಯ ಪಕ್ಕ ‘ರೈಲು ಅರ್ಸಿಕೆರೆ ಬಿಟೈತೆ ಬೇಗ್ ಬನ್ನಿ’ ಇಟ್ಟು ನೋಡಿ. ಯಾವುದು ಬಿಟ್ಟಿತು, ಎಲ್ಲಿಂದ ಬಿಟ್ಟಿತು, ಓದುವವನು ಏನು ಮಾಡಬೇಕು, ಎಲ್ಲವೂ ಐದು ಪದದೊಳಗೆ ಇದೆ.

ಒಂದು ಮಾತನ್ನು ಎದುರಿನವರಿಗೆ ಬಿಟ್ಟುಕೊಡುತ್ತೇನೆ. ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಬಳೆ, ಬಾಳೆ, ಬಲೆ ಒಂದೇ ಆಗಿಬಿಡುತ್ತವೆ. ‘ಬಂತಾ’ ಎಂದು ಕೇಳಿದ್ದೋ ‘ಬಂತು’ ಎಂದು ಹೇಳಿದ್ದೋ ತಿಳಿಯದೆ ನಾನೇ ಪ್ಲಾಟ್‌ಫಾರಂ ಮೇಲೆ ಗಾಬರಿಬಿದ್ದು ಓಡಿದ್ದೇನೆ. ಈಗ ಫೋನುಗಳಲ್ಲಿ ಕನ್ನಡ ಕೀಲಿಮಣೆ ಪುಕ್ಕಟೆ ಸಿಗುತ್ತದೆ, ಕನ್ನಡ ಲಿಪಿಯಲ್ಲೇ ಬರೆಯಿರಿ ಎಂದು ಹುಡುಗರಿಗೆ ನಾನೂ ಹೇಳುತ್ತೇನೆ. ಗೊತ್ತಿಲ್ಲದವರಿಗೆ ಹಾಕಿಕೊಡುತ್ತೇನೆ. ಊರ ಹೆಸರು, ಗಂಟೆ, ಪ್ಲಾಟ್‌ಫಾರಂ ನಂಬರು ಇವಿಷ್ಟನ್ನು ಮೊಟಕು ಮಾಡಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ಆದರೆ ಅದನ್ನು ಪಕ್ಕ ಕೂರಿಸಿಕೊಂಡು ಹೇಳಬೇಕು. ನಾಲ್ಕು ಜನದ ಎದುರು ‘ಕನ್ನಡ ಕಲಿ’ ಎಂದರೆ ಅವನು ಕಲಿಯುವುದು ಸುಮ್ಮನಿರುವುದನ್ನು.

ಆ ಹುಡುಗನ ಹತ್ತಿರ ನಾನೇ ಹೋಗಿ ಮಾತಾಡಿದೆ. ‘ನಂಗ್ ಬರೆಯಕ್ ಬರಲ್ಲ ಸಾರ್, ಬಿಡಿ’ ಎಂದ. ನೀನು ಬರೆಯದೆ ಇದ್ದ ದಿನ ಯಾರಿಗೆ ಗಾಡಿ ತಪ್ಪಿತು ಎಂದು ಹೇಳಿದೆ, ಅವನಿಗೆ ಗೊತ್ತಿರಲಿಲ್ಲ. ಹೋದ ಸೋಮವಾರ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ಫೋನು ಗುಂಯ್ ಎಂದಿತು. ಈ ಸಲ ಕನ್ನಡ ಲಿಪಿಯಲ್ಲೇ, ಹಕಾರವಿಲ್ಲದೆ ಹೀಗಿತ್ತು: ‘ಒನ್ನವಳ್ಳಿ ರೋಡ್ ಬಿಟೈತೆ.’ ಹೊನ್ನವಳ್ಳಿ ರೋಡ್ ಅಂದರೆ ನಮ್ಮ ಹಿಂದಿನ ಸ್ಟೇಷನ್ನೇ. ನಾನು ಓಡಿದೆ.