ಸಾಮತಿಯಿಂದ ಹುಟ್ಟಿದ ಮಾತು

ಪದಗಳಿಗೂ ವಂಶಾವಳಿಯುಂಟು. ‘ಮಾತು’, ‘ಪದ’ ಎಂಬ ಅರ್ಥದಲ್ಲಿ ಇಟಲಿಯವರು ‘ಪರೋಲ’ ಎನ್ನುತ್ತಾರೆ. ಫ್ರೆಂಚರು ‘ಪರೋಲ್’, ಸ್ಪೇನಿನವರು ‘ಪಲಾಬ್ರ’, ಪೋರ್ಚುಗೀಸರು ‘ಪಲಾವ್ರ’ ಎನ್ನುತ್ತಾರೆ. ರಕಾರ ಲಕಾರಗಳು ಅಲ್ಲಲ್ಲಿ ಸ್ಥಾನ ಬದಲಿಸಿಕೊಂಡಿದ್ದರೂ ಇವೆಲ್ಲವುಗಳ ತಾಯಿ ಒಂದೇ: ಲ್ಯಾಟಿನ್ ಭಾಷೆಯ ‘ಪರಾಬೊಲ’. ಶುಭಸಂದೇಶಗಳಲ್ಲಿ ನಾವು ಓದುವ ಸಾಮತಿಗೆ ಲ್ಯಾಟಿನ್ ಬೈಬಲಿನಲ್ಲಿರುವ ಹೆಸರೂ ಇದೇ.

ಇದರ ಮೂಲ ಗ್ರೀಕ್. ಒಂದರ ಪಕ್ಕದಲ್ಲಿ ಮತ್ತೊಂದನ್ನು ಎಸೆಯುವುದು, ಇರಿಸಿ ಹೋಲಿಸುವುದು ಎಂದು ಅದರ ಅರ್ಥ. ಯೇಸುಸ್ವಾಮಿ ದೇವರ ಸಾಮ್ರಾಜ್ಯದ ಪಕ್ಕದಲ್ಲಿ ಸಾಸಿವೆ ಕಾಳನ್ನಿರಿಸಿದರು. ತೂಗಿ ನೋಡುವ ಕಾರ್ಯವನ್ನು ಕೇಳುಗರಿಗೆ ಬಿಟ್ಟರು.

ಹೋಲಿಕೆಯ ಹೆಸರು ಎಲ್ಲ ಮಾತಿನ ಹೆಸರಾದುದು ಹೇಗೆ? ಲ್ಯಾಟಿನ್‌ನಲ್ಲಿ ಪದಕ್ಕೆ ‘ವೆರ್ಬುಮ್’ ಎಂಬ ಹೆಸರಿತ್ತು. 4ನೆಯ ಶತಮಾನದ ಕೊನೆಯಲ್ಲಿ ಸಂತ ಜೆರೋಮರು ಪರಿಷ್ಕರಿಸಿದ ಸಂತ ಯೊವಾನ್ನರ ಶುಭಸಂದೇಶದಲ್ಲಿ ದಿವ್ಯವಾಣಿಗೆ ಇದೇ ಹೆಸರಿದೆ. ಅಷ್ಟು ಪವಿತ್ರವಾದ ಪದವನ್ನು ಸಂತೆಯ ಮಾತಿಗೆ ಬಳಸಲು ಜನ ಹಿಂಜರಿದರು, ದೇವಾಲಯದಲ್ಲಿ ಕೇಳಿ ಪರಿಚಿತವಾಗಿದ್ದ ‘ಪರಾಬೊಲ’ವನ್ನು ಆ ಸ್ಥಾನಕ್ಕೆ ತಂದರು ಎಂಬುದು ವಿದ್ವಾಂಸರು ಕೊಡುವ ಒಂದು ವಿವರಣೆ. ಅದರಿಂದ ‘ಮಾತಾಡು’ ಎಂಬ ಅರ್ಥದ ಫ್ರೆಂಚ್ ಕ್ರಿಯಾಪದ ‘ಪಾರ್ಲೆ’ ಹುಟ್ಟಿತು. ಆ ಕ್ರಿಯಾಪದದಿಂದ ನಮ್ಮ ಪಾರ್ಲಿಮೆಂಟಿನ ಹೆಸರೂ ಬಂದಿತು.

ಈ ವಂಶದ ಎರಡು ಕವಲುಗಳು ಚಿಂತನೆಗೆ ಅರ್ಹ. ಪೋರ್ಚುಗೀಸರ ‘ಪಲಾವ್ರ’ ಇಂಗ್ಲಿಷರ ಬಾಯಲ್ಲಿ ‘ಪಲಾವರ್’ ಆಗಿ, ಹುರುಳಿಲ್ಲದ ಹರಟೆಯೆಂಬ ಅರ್ಥಕ್ಕಿಳಿಯಿತು. ಫ್ರೆಂಚರ ‘ಪರೋಲ್’ ಕೊಟ್ಟ ಮಾತು ಎಂಬ ಅರ್ಥಕ್ಕೇರಿತು. ಯುದ್ಧಕೈದಿಗಳನ್ನು ಅವರ ಮಾತೊಂದನ್ನೇ ನಂಬಿ ಬಿಡುಗಡೆ ಮಾಡುವ ಪದ್ಧತಿಗೆ ಅದೇ ಹೆಸರಾಯಿತು. ಇಂದು ಪತ್ರಿಕೆಗಳಲ್ಲಿ ಕಾಣುವ ‘ಪೆರೋಲ್’ ಅದರ ಮುಂದುವರಿಕೆ. ಕನ್ನಡದಲ್ಲಿಯೂ ‘ಮಾತು ಕೊಡುವುದು’ ಎಂದರೆ ಬರಿಯ ನುಡಿಯಲ್ಲ, ವಚನ.

ಒಂದೇ ಪದ ಒಂದೆಡೆ ಹರಟೆ, ಇನ್ನೊಂದೆಡೆ ಸೆರೆಯ ಬಾಗಿಲನ್ನೇ ತೆರೆಸುವ ಭರವಸೆ. ಇವೆರಡರ ನಡುವಿನ ಅಂತರವನ್ನು ನಿರ್ಧರಿಸುವುದು ನಿಘಂಟಲ್ಲ, ಮಾತಾಡಿದವನ ನಡತೆ. ಸಂತ ಮತ್ತಾಯರ ಶುಭಸಂದೇಶದ 21ನೆಯ ಅಧ್ಯಾಯದಲ್ಲಿ ಇಬ್ಬರು ಪುತ್ರರ ಸಾಮತಿಯಿದೆ. ತೋಟಕ್ಕೆ ಹೋಗುವೆನೆಂದು ವಿನಯದಿಂದ ನುಡಿದವನು ಹೋಗಲಿಲ್ಲ. ಒಲ್ಲೆನೆಂದವನು ಮನಸ್ಸು ಬದಲಾಯಿಸಿ ಹೋದನು. ತಂದೆಯ ಇಚ್ಛೆಯನ್ನು ನೆರವೇರಿಸಿದವನು ಯಾರೆಂಬುದನ್ನು ಸ್ವಾಮಿ ಕೇಳುಗರ ಬಾಯಿಂದಲೇ ಹೇಳಿಸಿದರು.

ಮದುವೆಯ ಪೀಠದ ಮುಂದೆ, ಸಾಲದ ಪತ್ರದ ಮೇಲೆ, ಚುನಾವಣೆಯ ವೇದಿಕೆಯಲ್ಲಿ ನಾವು ಮಾತು ಕೊಡುತ್ತಲೇ ಇರುತ್ತೇವೆ. ಆಡಿದ ಪ್ರತಿಯೊಂದು ಮಾತೂ ನಮ್ಮ ಬಾಳಿನ ಪಕ್ಕದಲ್ಲಿ ಇರಿಸಲ್ಪಟ್ಟ ಸಾಮತಿಯೇ. ಹೋಲಿಸಿ ನೋಡುವವರು ನಮ್ಮ ಮನೆಯಲ್ಲೇ ಇದ್ದಾರೆ: ನಮ್ಮ ಮಕ್ಕಳು.