ಕೊಕ್ಕರೆ ಮಾತ್ರ ಸಾಲದು, ಅಜ್ಜಿಯೂ ಬೇಕು

ಮಕ್ಕಳೇ, ಜ್ಞಾನಭಾರತಿಯಿಂದ ಮೈಸೂರು ರಸ್ತೆ ಹಿಡಿದು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋದವರೆಲ್ಲ ಮೊಬೈಲನ್ನು ಮೇಲಕ್ಕೇ ಎತ್ತುತ್ತಾರೆ. ಹುಣಸೆಮರದ ತುಂಬ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ! ನಾನೂ ಹಾಗೇ ಮಾಡಿದ್ದೆ. ಮನೆಗೆ ಬಂದು ನೋಡಿದರೆ ವಿಡಿಯೊದಲ್ಲಿ ಹಕ್ಕಿಗಳಿದ್ದವು, ಊರೇ ಇರಲಿಲ್ಲ.

ಕಥೆ ಇರುವುದು ಮರದ ಕೆಳಗೆ. ಕೆರೆ, ಹೊಳೆಗಳಲ್ಲಿ ಮೀನು ಹಿಡಿದು ತಂದು ಇಲ್ಲಿ ಮರಿ ಸಾಕುವ ಈ ಹಕ್ಕಿಗಳು ಊರಿನವರಿಗೆ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಅಂಗಳವೆಲ್ಲ ಹಿಕ್ಕೆಯಾದರೂ ಓಡಿಸುವುದಿಲ್ಲ. ಅದೇ ಹೊಲಕ್ಕೆ ಗೊಬ್ಬರ. ಗೂಡಿದ್ದಾಗ ಹುಣಸೆಹಣ್ಣಿನ ಆಸೆಯನ್ನೂ ಬಿಟ್ಟವರು ಇವರು. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದವರು ಸಾಕಿದ್ದಾರೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಇದನ್ನೆಲ್ಲ ಹಕ್ಕಿ ಹೇಳೀತೇ? ಜಗಲಿಯ ಮೇಲಿನ ಅಜ್ಜಿಯನ್ನೇ ಕೇಳಬೇಕು, ಅದೂ ಒಪ್ಪಿಗೆ ಪಡೆದು.

ಅಜ್ಜ-ಅಜ್ಜಿಯರೇ, ಇಂದು ನೊರೆ ತೇಲುವ ನಮ್ಮ ಪಕ್ಕದ ವೃಷಭಾವತಿಯ ಹಳೆಯ ತಿಳಿನೀರನ್ನು ಕಂಡವರು ನೀವು. ಈ ಭಾನುವಾರ ಮೊಮ್ಮಕ್ಕಳ ಎದುರು ಕುಳಿತು ಅದನ್ನು ಹೇಳಿ.

ಪುಟ್ಟೀ, ಫ್ಯಾನ್ ಆರಿಸು. ಮೊಬೈಲನ್ನು ಅಡ್ಡ ಹಿಡಿ, ಕೈ ಅಲುಗದಿರಲಿ. ತಾತ ನಡುವೆ ಸುಮ್ಮನಾದರೆ ರೆಕಾರ್ಡಿಂಗ್ ನಿಲ್ಲಿಸಬೇಡ, ಕಾಯಿ.