ಬೀಟೆ ನಿಲ್ಲಲಿ, ಮಾವು ನುಡಿಯಲಿ

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಿನ ರಾಯಾಪುರ ಇಂದು ಊರೆನ್ನುವುದಕ್ಕಿಂತ ಎರಡು ನಗರಗಳ ಬೆಸುಗೆಯೇ ಆಗಿದೆ. 2010ರ ದಶಕದಲ್ಲಿ ತ್ವರಿತ ಬಸ್ಸುಗಳಿಗಾಗಿ ಇಲ್ಲಿಯ ರಸ್ತೆಯನ್ನು ಅಗಲಗೊಳಿಸಿದಾಗ ಇಕ್ಕೆಲದ ಹಳೆಯ ಮರಗಳು ಉರುಳಿದವು. ಧಾರವಾಡದ ಸುತ್ತಣ ಆಪೂಸು ಮಾವಿನ ತೋಪುಗಳೂ ಬಡಾವಣೆಗಳಿಗೆ ಜಾಗ ಬಿಟ್ಟುಕೊಡುತ್ತ ಬಂದಿವೆ. ಹೀಗೆ ಬಿದ್ದ ಮಾವಿನ ದಿಮ್ಮಿ ಇಟ್ಟಿಗೆ ಭಟ್ಟಿಗೋ ಹಣ್ಣಿನ ಪೆಟ್ಟಿಗೆಗೋ ಕಟ್ಟಿಗೆ ಅಡ್ಡೆಗೋ ಹೋಗುವುದೇ ವಾಡಿಕೆ. ಇಲ್ಲಿಂದ ಪಶ್ಚಿಮಕ್ಕೆ ಒಂದೆರಡು ತಾಸಿನ ಹಾದಿಯಲ್ಲಿ, ಹಳಿಯಾಳ–ಯಲ್ಲಾಪುರದ ಕಾಡಿನಲ್ಲಿ ನಿಂತಿರುವ ಬೀಟೆ ಮರದ ಮೇಲಾದರೋ ದೂರದೇಶಗಳ ಕಣ್ಣಿದೆ. ಆ ಕಣ್ಣುಗಳಲ್ಲಿ ಗಿಟಾರು ಮಾಡುವವರದೂ ಒಂದು.

ಬೀಟೆಯ ಹೆಚ್ಚಿನ ಪಾಲು ಪೀಠೋಪಕರಣಗಳಿಗೆ ಹೋಗುತ್ತದೆ, ವಾದ್ಯಗಳ ಪಾಲು ಕಿರಿದು ಎಂಬುದು ನಿಜ. ಆದರೆ ‘ಈ ಮರವಿಲ್ಲದೆ ಈ ನಾದವಿಲ್ಲ’ ಎಂಬ ನಂಬಿಕೆಯನ್ನು ಬೆಳೆಸಿದವರು ವಾದ್ಯದವರೇ. ಆ ನಂಬಿಕೆಯೇ ಮರದ ಬೆಲೆಯನ್ನು ಏರಿಸುತ್ತದೆ. ಆದ್ದರಿಂದ ಅದನ್ನು ಪರೀಕ್ಷೆಗೊಡ್ಡುವುದು ಕಾಡಿನ ಅಂಚಿನ ಜನರಿಗೂ ಸಂಬಂಧಿಸಿದ ಕೆಲಸ. ಪರೀಕ್ಷೆಗೆ ಬೇಸ್ ಗಿಟಾರಿಗಿಂತ ತಕ್ಕ ವಾದ್ಯವಿಲ್ಲ.

ಬೇಸ್ ಗಿಟಾರು ಮಂದ್ರದ ವಾದ್ಯ. ಅದರ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ; ಗಂಡು ತಂಬೂರಿಯ ಖರಜಕ್ಕಿಂತಲೂ ಇದು ಕೆಳಗೆ. 1951ರಲ್ಲಿ ಅಮೆರಿಕದ ಫೆಂಡರ್ ಸಂಸ್ಥೆ ಮಾರುಕಟ್ಟೆಗೆ ತಂದ ಗಟ್ಟಿಮೈಯ ಬೇಸ್ ಗಿಟಾರಿನಲ್ಲಿ ತಂಬೂರಿಯಂತೆ ಟೊಳ್ಳು ಬುರುಡೆಯಿಲ್ಲ. ತಂತಿಯ ಕಂಪನವನ್ನು ಅದರ ಕೆಳಗಿರುವ ಅಯಸ್ಕಾಂತದ ಪಿಕಪ್ ಹಿಡಿದು ವಿದ್ಯುತ್ತಾಗಿಸುತ್ತದೆ. ಹೇಳಿ ಮಾಡಿಸುವ ದುಬಾರಿ ವಾದ್ಯಗಳಲ್ಲಿ ಈ ಮೈಯ ಮೇಲೆ ಐದಾರು ಮಿಲಿಮೀಟರ್ ದಪ್ಪದ ಚಿತ್ತಾರದ ಹಲಗೆಯನ್ನು ಅಂಟಿಸುತ್ತಾರೆ. ಒಂದೇ ಹಲಗೆಯನ್ನು ಸೀಳಿ, ತೆರೆದ ಪುಸ್ತಕದ ಎರಡು ಪುಟಗಳಂತೆ ಜೋಡಿಸಿದಾಗ ಎಡಬಲಗಳ ಚಿತ್ತಾರ ಒಂದಕ್ಕೊಂದು ಕನ್ನಡಿ ಹಿಡಿಯುತ್ತದೆ. ನೋಡಲು ಸೊಗಸೇ, ಅಲ್ಲಗಳೆಯುವಂತಿಲ್ಲ. ಆದರೆ ವಾದ್ಯದ ಬೆಲೆಯ ದೊಡ್ಡ ಭಾಗ ಈ ತೆಳುವಾದ ಮುಖಕ್ಕೇ ಸಲ್ಲುತ್ತದೆ, ಮೂರನೆಯ ಸಾಲಿನಲ್ಲಿ ಕುಳಿತ ಶ್ರೋತೃವಿಗೆ ಅದು ಕಾಣುವುದೂ ಇಲ್ಲ.

ಕೇಳಿಸುತ್ತದೆಯೇ? ಮರದ ಪ್ರಭಾವ ಹೆಚ್ಚಿರಬೇಕಾದ ಟೊಳ್ಳುಮೈಯ ಅಕೂಸ್ಟಿಕ್ ಗಿಟಾರಿನ ಮೇಲೆಯೇ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಪ್ರಯೋಗ ನಡೆಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ಗಿಟಾರುಗಳು, ಹಿಂಬದಿ ಮತ್ತು ಪಕ್ಕೆಯ ಮರ ಮಾತ್ರ ಬೇರೆ ಬೇರೆ. ಅವುಗಳಲ್ಲಿ ಬ್ರೆಜಿಲಿನ ರೋಸ್‌ವುಡ್ ಇತ್ತು, ನಮ್ಮ ಬೀಟೆಯೂ ಇತ್ತು. ಮಹಾಗನಿ, ಮೇಪಲ್‌ಗಳೂ ಇದ್ದವು. 52 ಮಂದಿ ವಾದಕರು ಮರ ಕಾಣದಂತೆ ಕಣ್ಣಿಗೆ ಕಪ್ಪು ಕನ್ನಡಕ ಧರಿಸಿ ಅವನ್ನು ನುಡಿಸಿದರು. ಅವರು ಕೊಟ್ಟ ಅಂಕಗಳಲ್ಲಿ ಗಣನೀಯ ಅಂತರ ಕಂಡುಬರಲಿಲ್ಲ. ಟೊಳ್ಳುಮೈಯ ವಾದ್ಯದ ಮಾತೇ ಹೀಗಿದ್ದರೆ, ಪಿಕಪ್‌ನಿಂದ ನುಡಿಯುವ ಬೇಸಿನ ಮುಖಕ್ಕೆ ಅಂಟಿಸಿದ ಐದು ಮಿಲಿಮೀಟರಿಗೆ ನಾದದ ಶ್ರೇಯಸ್ಸು ಕೊಡುವುದು ಹೇಗೆ?

ನಾದವನ್ನು ಖಚಿತವಾಗಿ ಬದಲಿಸುವುದು ತಂತಿ. ದನಿ ತಗ್ಗಬೇಕಾದರೆ ತಂತಿ ಉದ್ದವಾಗಬೇಕು, ಸಡಿಲವಾಗಬೇಕು, ಇಲ್ಲವೇ ಭಾರವಾಗಬೇಕು. ಉದ್ದಕ್ಕೆ ಮನುಷ್ಯನ ತೋಳಿನ ಮಿತಿಯಿದೆ; ಬೇಸಿನಲ್ಲಿ ಅದು ಸಾಮಾನ್ಯವಾಗಿ 34 ಅಂಗುಲ. ಸಡಿಲಗೊಳಿಸಿದರೆ ತಂತಿ ಬಡಿಯುತ್ತದೆ. ಉಳಿದದ್ದು ಭಾರ. ಒಂದೇ ದಪ್ಪ ಸರಳನ್ನು ಬಿಗಿದರೆ ಅದು ಸೆಟೆದು ಉಪಸ್ವರಗಳು ಕೆಡುತ್ತವೆ. ಆದಕಾರಣ ನಡುವೆ ತೆಳುವಾದ ಉಕ್ಕಿನ ಎಳೆಯಿಟ್ಟು, ಅದರ ಸುತ್ತ ಬೇರೊಂದು ತಂತಿಯನ್ನು ಸುತ್ತುತ್ತಾರೆ. ಸುತ್ತುವ ತಂತಿ ದುಂಡಗಿದ್ದರೆ ರೌಂಡ್‌ವೌಂಡ್: ದನಿ ಹರಿತ, ಮೈ ತರಿತರಿ. ಚಪ್ಪಟೆಯ ಪಟ್ಟಿಯಾದರೆ ಫ್ಲಾಟ್‌ವೌಂಡ್: ದನಿ ಮಿದು, ಮೈ ನುಣುಪು. ಧಾರವಾಡದವರಿಗೆ ತಂತಿಯ ಮಹಿಮೆಯನ್ನು ಹೊಸದಾಗಿ ಹೇಳಬೇಕಿಲ್ಲ. ‘ಸಿತಾರರತ್ನ’ ರಹಿಮತ್ ಖಾನರು ಸಿತಾರದ ತಂತಿಗಳ ಜೋಡಣೆಯನ್ನೇ ಮಾರ್ಪಡಿಸಿ ಮಂದ್ರಕ್ಕೆ ಸ್ಥಾನ ಕೊಟ್ಟರೆಂದು ಅವರ ಪರಂಪರೆಯವರು ಹೇಳುತ್ತ ಬಂದಿದ್ದಾರೆ.

ತಂತಿಯ ಆಯ್ಕೆಗೂ ಕಾಡಿಗೂ ನೇರ ನಂಟಿದೆ ಎಂಬುದನ್ನು ಮಾತ್ರ ಹೆಚ್ಚಿನವರು ಗಮನಿಸುವುದಿಲ್ಲ. ಫ್ರೆಟ್‌ಗಳಿಲ್ಲದ ಬೇಸಿನಲ್ಲಿ ಬೆರಳು ತಂತಿಯನ್ನು ಮರದ ಮೇಲೆಯೇ ಒತ್ತುತ್ತದೆ. ರೌಂಡ್‌ವೌಂಡ್ ತಂತಿಯ ತರಿ ಅಲ್ಲಿ ಅರದಂತೆ ಮರವನ್ನು ತಿನ್ನುತ್ತದೆ. ಅದಕ್ಕಾಗಿಯೇ ಬೀಟೆ ಬೇಕು, ಕರಿಮರ ಬೇಕು ಎಂಬ ಬೇಡಿಕೆ. ಅವೂ ತಾಳುವುದಿಲ್ಲ: ಅಮೆರಿಕದ ಪ್ರಸಿದ್ಧ ವಾದಕ ಜಾಕೋ ಪಾಸ್ಟೋರಿಯಸ್ ತನ್ನ ಬೇಸಿನ ರೋಸ್‌ವುಡ್ ಪಟ್ಟಿಯನ್ನು ಉಳಿಸಿಕೊಳ್ಳಲು ಅದಕ್ಕೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದಿದ್ದ. ಕಾಪಾಡುವುದು ಲೇಪವೇ ಎಂದಾದ ಮೇಲೆ ಅದರ ಅಡಿಗೆ ಅಪರೂಪದ ಮರವೇ ಏಕಿರಬೇಕು? ಫ್ಲಾಟ್‌ವೌಂಡ್ ಹಾಕಿಕೊಳ್ಳುವವರಿಗಂತೂ ಬಂಡಿಯ ಗಾಲಿಗೂ ನೇಗಿಲಿಗೂ ಬಯಲುಸೀಮೆಯವರು ತಲೆಮಾರುಗಳಿಂದ ನೆಚ್ಚಿದ ಜಾಲಿಯೇ ಸಾಕಾದೀತು.

ಬದಲಾವಣೆ ಅಸಾಧ್ಯವೆನ್ನುವವರು ಇತ್ತೀಚಿನ ಇತಿಹಾಸ ನೋಡಬೇಕು. 2017ರ ಜನವರಿ 2ರಿಂದ ಬೀಟೆಯ ಕುಲವಿಡೀ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದ ನಿಯಂತ್ರಣಕ್ಕೆ ಬಂತು. ಅದೇ ವರ್ಷ ಫೆಂಡರ್ ಸಂಸ್ಥೆ ತನ್ನ ಹಲವು ಮಾದರಿಗಳಲ್ಲಿ ರೋಸ್‌ವುಡ್ ಬಿಟ್ಟು ಪಾವ್ ಫೆರೋ ಎಂಬ ಮರಕ್ಕೆ ತಿರುಗಿತು. ಸಂಗೀತವೇನೂ ನಿಲ್ಲಲಿಲ್ಲ. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆತೊಡನೆ ಹಳೆಯ ಚಟಕ್ಕೆ ದಾರಿ ಮತ್ತೆ ತೆರೆಯಿತು. ಬೀಟೆ ಬಲು ನಿಧಾನವಾಗಿ ಬೆಳೆಯುವ ಮರ. ಬೇಡಿಕೆಯುಳ್ಳ ನೇರಳೆಗಪ್ಪು ತಿರುಳು ಕೂಡಿಬರಲು ದಶಕಗಳೇ ಬೇಕು. ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಹಿಡಿದಿಡುವ ಈ ಮರ ಅಡಿಕೆ ತೋಟದ ಅಂಚಿನಲ್ಲಿ ನಿಂತಷ್ಟು ದಿನವೂ ಮಣ್ಣಿಗೆ ದುಡಿಯುತ್ತಿರುತ್ತದೆ.

ತಂಬೂರಿಯ ಉದಾಹರಣೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಮೀರಜಿನ ಕುಶಲಕರ್ಮಿಗಳು ಅದರ ಬುರುಡೆಯನ್ನು ಮರದಿಂದ ಕೊರೆಯುವುದಿಲ್ಲ. ಪಂಢರಪುರ, ಮಂಗಳವೇಢೆಯ ಕಡೆಯ ಹೊಲಗಳಲ್ಲಿ ಬಳ್ಳಿಯಲ್ಲಿ ಬೆಳೆದ ದೊಡ್ಡ ಸೋರೆಯನ್ನು ಒಣಗಿಸಿ ಬಳಸುತ್ತಾರೆ. ಧಾರವಾಡದ ಗಾಯಕರ ಬೆನ್ನಿಗೆ ನಿಂತ ಆ ಗಂಭೀರ ಖರಜ ಒಂದು ಹಂಗಾಮಿನ ಬೆಳೆ.

ಚಿತ್ತಾರದ ವಿಷಯಕ್ಕೆ ಬಂದರೆ, ಅದು ಯಾವುದೋ ಒಂದು ಜಾತಿಯ ಸೊತ್ತಲ್ಲ. ನಾರು ಅಲೆಯಲೆಯಾಗಿ ಬೆಳೆದಲ್ಲಿ ಹುಲಿಪಟ್ಟೆ ಮೂಡುತ್ತದೆ. ಗಾಯಗೊಂಡ ಕಾಂಡದ ಗಂಟಿನಲ್ಲಿ ಸುಳಿ ಮೂಡುತ್ತದೆ. ಕಾಫಿತೋಟದ ಸಿಲ್ವರ್ ಓಕನ್ನು ತಿರುಳಿನಿಂದ ಹೊರಮುಖವಾಗಿ ಸೀಳಿದರೆ ಜಾಲರಿ ಕಾಣುತ್ತದೆ. ಮಾವಿನಲ್ಲಂತೂ ಬಂಗಾರ, ಕಂದು, ಹಸಿರು ಛಾಯೆಗಳ ಜೊತೆಗೆ, ಶಿಲೀಂಧ್ರಗಳು ಒಂದಕ್ಕೊಂದು ಗಡಿ ಹಾಕಿಕೊಂಡ ಕಪ್ಪು ಗೆರೆಗಳು ಶಾಯಿಯಲ್ಲಿ ಬರೆದಂತಿರುತ್ತವೆ. ಹವಾಯಿ ದ್ವೀಪದವರು ಇದೇ ಮಾವಿನಿಂದ ಉಕುಲೇಲೆ ಮಾಡಿ ಒಳ್ಳೆಯ ಬೆಲೆಗೆ ಮಾರುತ್ತಾರೆ. ನಮ್ಮಲ್ಲಿ ಅದು ಭಟ್ಟಿಯ ಉರುವಲು.

ಆದರೆ ಮಾವು ಕಾಯುವ ಮರವಲ್ಲ. ಕಡಿದು ಬಿಸಾಡಿದರೆ ಕೆಲವೇ ವಾರಗಳಲ್ಲಿ ನೀಲಿಗಟ್ಟಿ, ಕುಟ್ಟೆಹುಳು ಹೊಕ್ಕು ಹಿಟ್ಟಾಗುತ್ತದೆ. ಗೆರೆ ಮೂಡುವಷ್ಟು ಶಿಲೀಂಧ್ರ ಬೇಕು, ಮರ ಮೆತ್ತಗಾಗುವಷ್ಟು ಬೇಡ. ಈ ಹದ ಅನುಭವದಿಂದಲೇ ಬರಬೇಕು. ಮಳೆಗೆ ಮುನ್ನ ದಿಮ್ಮಿಯನ್ನು ಸೀಳಿ, ತುದಿಗಳಿಗೆ ಮೇಣವನ್ನೋ ಬಣ್ಣವನ್ನೋ ಬಳಿದು, ಹಲಗೆಗಳನ್ನು ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ, ನಡುವೆ ರೀಪು ಕೊಟ್ಟು ನೆರಳಿನಲ್ಲಿ ಅಟ್ಟಿ ಕಟ್ಟಬೇಕು. ಅಂಗುಲದ ಹಲಗೆ ಒಣಗಲು ಹೆಚ್ಚುಕಡಿಮೆ ಒಂದು ವರ್ಷ. ಅಂಥ ಒಂದು ಹಲಗೆಯನ್ನು ಸೀಳಿದರೆ ಮೂರು ನಾಲ್ಕು ತೆಳು ಹಾಳೆ ದೊರೆಯುತ್ತವೆ. ಎರಡು ಸೇರಿದರೆ ಒಂದು ವಾದ್ಯದ ಮುಖ. ರಾಯಾಪುರದ ಆಸುಪಾಸಿನಲ್ಲಿ ತೋಪು ಕಡಿಸುವವರು ಮರವನ್ನು ಸೌದೆಯ ತೂಕಕ್ಕೆ ಒಪ್ಪಿಸುವ ಮೊದಲು ಬುಡದ ನಾಲ್ಕಡಿಯನ್ನೂ ಕವಲಿನ ಭಾಗವನ್ನೂ ಬೇರೆ ತೆಗೆದಿಡಲಿ. ಚಿತ್ತಾರ ಹೆಚ್ಚಾಗಿ ಅಡಗಿರುವುದು ಅಲ್ಲಿ, ಕೊಡಲಿಯವರು ಸೀಳಲು ಬೇಸರಪಡುವುದೂ ಅದನ್ನೇ.